ಬಲೆ ಎಳೆದ ಮೇಲೆ ಮೀನಿನ ತಟ್ಟೆಯಲ್ಲಿ ಏನುಳಿಯುತ್ತದೆ?

ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಹಿಂದಿನ ಸಂಚಿಕೆಯಲ್ಲಿ ನನ್ನ ಕೆಲಸದ ಬಗ್ಗೆ ಒಂದೆರಡು ಸಾಲು ಬರೆದಿದ್ದೆ. ಮೀನಿನ ಹೊಟ್ಟೆ ಕೊಯ್ದು, ಅದು ಏನು ತಿಂದಿದೆ ಅಂತ ಪಟ್ಟಿ ಮಾಡುವುದು ನನ್ನ ಕಸುಬು, ಟ್ರಾಲ್ ಬಲೆ ಎಳೆದ ಜಾಗದಲ್ಲಿ ಆ ಪಟ್ಟಿ ಬೇರೆಯೇ ಇರುತ್ತದೆ ಅಂತ. ಸುಮ್ನೆ ಬರೆದ ಮಾತು. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಒಬ್ಬರು ಬೈದಿದ್ದಾರೆ. ಇನ್ನೊಬ್ಬರು, ಇಂಥದ್ದನ್ನೆಲ್ಲ ಊಟದ ಹೊತ್ತಿಗೆ ಓದಿಸಬೇಡಿ ಮೇಡಂ ಎಂದಿದ್ದಾರೆ. ಅವರ ಕ್ಷಮೆ ಕೇಳಿ, ಈ ಸಲದ ಪುಟಗಳನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಟ್ರಾಲ್ ಬಲೆ ಕಡಲ ತಳವನ್ನು ನೇಗಿಲಿನ ಹಾಗೆ ಉಳುತ್ತದೆ ಎಂದು ಓದಿದ್ದೇನೆ. ತಳದ ಹುಳಹುಪ್ಪಟೆ ಎಲ್ಲ ಸತ್ತರೆ, ಬಲೆಯಿಂದ ತಪ್ಪಿಸಿಕೊಂಡ ಮೀನುಗಳು ಉಪವಾಸ ಬೀಳುತ್ತವೆಯೇ? (ನಿವೃತ್ತ ವಿಜ್ಞಾನ ಶಿಕ್ಷಕರು)

ಉತ್ತರ: ಮೇಷ್ಟ್ರೇ, ಕೆಲವು ಬೀಳುತ್ತವೆ, ಕೆಲವು ಬೀಳುವುದಿಲ್ಲ. ಜಾರಿಕೊಳ್ಳುವ ಉತ್ತರ ಅನ್ನಬೇಡಿ, ಕಾರಣ ಹೇಳುತ್ತೇನೆ.

ಮೊದಲು ಬಲೆ. ದೊಡ್ಡ ಚೀಲದಂಥ ಬಲೆಯ ಎರಡು ಕಡೆ ಎರಡು ಭಾರದ ಬೋರ್ಡು. ದೋಣಿ ಎಳೆದಾಗ ನೀರಿನ ಒತ್ತಡಕ್ಕೆ ಬೋರ್ಡುಗಳು ಆಚೆ ಈಚೆ ಸರಿದು ಬಲೆಯ ಬಾಯಿ ತೆರೆದುಕೊಳ್ಳುತ್ತದೆ. ಬಾಯಿಯ ಕೆಳ ಅಂಚಿಗೆ ಸರಪಳಿಯೋ ರಬ್ಬರ್ ಉರುಳೆಗಳೋ ಇರುತ್ತವೆ, ಅವು ತಳ ಸವರಿಕೊಂಡು ಹೋಗುತ್ತವೆ. ಬೋರ್ಡು ಎಬ್ಬಿಸಿದ ಕೆಸರಿನ ಮೋಡ ಎರಡು ಬದಿಯ ಗೋಡೆಯಂತೆ ನಿಂತು ಮೀನನ್ನು ನಡುವಿಗೆ ಅಟ್ಟುತ್ತದೆ. ಮೀನು ಬಲೆಯ ಬಾಯಿಯ ಮುಂದೆ ಈಜುತ್ತಲೇ ಇರುತ್ತದೆ. ದಣಿದಾಗ ಹಿಂದೆ ಬಿದ್ದು ಚೀಲ ಸೇರುತ್ತದೆ.

ನೇಗಿಲಿನ ಹೋಲಿಕೆ ಅರ್ಧ ಸರಿ. ಅಷ್ಟು ಆಳ ಹೋಗುವುದಿಲ್ಲ. ಬೇರೆ ಬೇರೆ ಕಡಲುಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು 2017ರಲ್ಲಿ ಮಾಡಿದ ಲೆಕ್ಕದ ಪ್ರಕಾರ, ಬೋರ್ಡಿನ ಟ್ರಾಲ್ ತಳದೊಳಗೆ ಸರಾಸರಿ 2.4 ಸೆಂಟಿಮೀಟರ್ ಇಳಿಯುತ್ತದೆ. ಒಂದು ಸಲ ಎಳೆದರೆ ಆ ಜಾಗದ ತಳಜೀವಿಗಳಲ್ಲಿ ಸುಮಾರು 6 ಶೇಕಡಾ ಹೋಗುತ್ತವೆ. ಚಿಪ್ಪುಜೀವಿಗಳನ್ನು ತೆಗೆಯಲು ನೀರು ಚಿಮ್ಮಿಸಿ ಅಗೆಯುವ ಯಂತ್ರ ಬೇರೆ ಇದೆ. ಅದು 16 ಸೆಂಟಿಮೀಟರ್ ಇಳಿಯುತ್ತದೆ, 41 ಶೇಕಡಾ ತೆಗೆಯುತ್ತದೆ. ಅದರ ಎದುರು 6 ಏನು ಮಹಾ ಅನ್ನಿಸಬಹುದು. ಆದರೆ ಮೀನು ಸಿಗುವ ಜಾಗ ಎಂದು ಗೊತ್ತಾದರೆ ಅದೇ ಜಾಗದ ಮೇಲೆ ವರ್ಷಕ್ಕೆ ಹಲವು ಸಲ ಬಲೆ ಹಾಯುತ್ತದೆ. ಹೋದದ್ದು ಮತ್ತೆ ಬೆಳೆಯುವ ಮೊದಲೇ ಇನ್ನೊಂದು ಸಲ.

ಎಷ್ಟು ಸತ್ತವು ಎನ್ನುವುದಕ್ಕಿಂತ ಯಾವುವು ಸತ್ತವು ಅನ್ನೋದು ನನಗೆ ಮುಖ್ಯ. ದೊಡ್ಡವು, ನಿಧಾನ ಬೆಳೆಯುವವು, ಸುಲಭವಾಗಿ ಒಡೆಯುವವು ಮೊದಲು ಹೋಗುತ್ತವೆ. ಸ್ಪಂಜು, ಮುಳ್ಳುಚೆಂಡಿನಂಥ ಅರ್ಚಿನ್, ವಯಸ್ಸಾದ ದೊಡ್ಡ ಕಪ್ಪೆಚಿಪ್ಪು ಇಂಥವು. ಸಣ್ಣ ಹುಳುಗಳು ಕೆಸರಿನೊಳಗೆ ಉಳಿದುಕೊಳ್ಳುತ್ತವೆ. ಸತ್ತರೂ ಅವುಗಳ ಸಂತತಿ ಬೇಗ ತುಂಬಿಕೊಳ್ಳುತ್ತದೆ. ಅಂದರೆ ತಟ್ಟೆ ಖಾಲಿಯಾಗುವ ಮೊದಲು ಅದರಲ್ಲಿರುವುದು ಬದಲಾಗುತ್ತದೆ. ಸಣ್ಣ ಬಾಯಿಯ, ಹುಳು ತಿನ್ನುವ ಚಪ್ಪಟೆ ಮೀನಿಗೆ ಕೆಲವೊಮ್ಮೆ ಇದರಿಂದ ಲಾಭವೇ. ಚಿಪ್ಪು ಒಡೆದು ತಿನ್ನುವ ಮೀನಿಗೆ ಕಷ್ಟ.

ಇನ್ನೊಂದು ತಿರುವು ಇದೆ. ಬಲೆ ಊಟವನ್ನಷ್ಟೇ ಒಯ್ಯುವುದಿಲ್ಲ, ಉಣ್ಣುವವರನ್ನೂ ಒಯ್ಯುತ್ತದೆ. ಹತ್ತು ಜನರ ಅಡುಗೆ ಐದು ಜನರದ್ದಾಯಿತು, ಉಣ್ಣುವವರೂ ಹತ್ತರಿಂದ ಐದಾದರು ಅಂದರೆ ಯಾರೂ ಹಸಿದಿರುವುದಿಲ್ಲ, ಅಲ್ವಾ? ಸ್ವೀಡನ್ ಮತ್ತು ಡೆನ್ಮಾರ್ಕ್ ನಡುವಿನ ಕಟ್ಟೆಗಾಟ್ ಕಡಲಲ್ಲಿ ಸಂಶೋಧಕರು ಇದನ್ನೇ ಹಿಡಿದು ನೋಡಿದರು. ಮೀನು ಸೊರಗುವುದೋ ಕೊಬ್ಬುವುದೋ ನಿಂತಿರುವುದು ಆಹಾರದ ಒಟ್ಟು ಮೊತ್ತದ ಮೇಲಲ್ಲ, ಆಹಾರಕ್ಕೂ ಅದಕ್ಕೆ ಪೈಪೋಟಿ ಮಾಡುವ ಬಾಯಿಗಳಿಗೂ ಇರುವ ಅನುಪಾತದ ಮೇಲೆ ಎಂದು ಕಂಡಿತು. ಮೀನು ಕಡಿಮೆ ಸಿಗುವ ಆದರೆ ತಳ ಜಾಸ್ತಿ ಹಾಳಾಗುವ ಬಲೆಯಾದರೆ ಅನುಪಾತ ಕೆಡುತ್ತದೆ. ಆಗ ಉಪವಾಸ.

ಉಪವಾಸ ಬಿದ್ದ ಮೀನು ಹೇಗೆ ಕಾಣುತ್ತದೆ ಅಂದರೆ, ಮೇಲ್ನೋಟಕ್ಕೆ ಏನೂ ಕಾಣುವುದಿಲ್ಲ. ಅಳತೆಪಟ್ಟಿಯ ಮೇಲೆ ಇಟ್ಟರೆ ಉದ್ದ ಸರಿಯಾಗಿಯೇ ಇರುತ್ತದೆ. ತಕ್ಕಡಿಗೆ ಹಾಕಿದಾಗ ಗೊತ್ತಾಗುತ್ತದೆ. ಒಂದೇ ಉದ್ದದ ಎರಡು ಮೀನು, ಒಂದರ ಬೆನ್ನು ದುಂಡಗೆ, ಇನ್ನೊಂದರದ್ದು ಕತ್ತಿಯಂತೆ.

ಪ್ರಶ್ನೆ: ಕಡಲೊಳಗೆ ಮೀನು ಏನು ತಿಂದಿತು ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ ಮೇಡಂ? ಜೀರ್ಣವಾದ ಮೇಲೆ ಎಲ್ಲ ಒಂದೇ ಥರ ಅಲ್ವಾ? (ಬಿಎಸ್‌ಸಿ ವಿದ್ಯಾರ್ಥಿನಿ)

ಉತ್ತರ: ಈ ಪ್ರಶ್ನೆಗೆ ನಾನು ಕಾಯುತ್ತಿದ್ದೆ.

ಸಂಶೋಧನಾ ಹಡಗಿನಲ್ಲಿ ನನ್ನ ಮೊದಲ ದಿನ. ಕೈಯಲ್ಲಿ ಕತ್ತರಿ, ಚಿಮುಟ, ಪೆನ್ಸಿಲ್. ಪೆನ್ನು ಒದ್ದೆ ಕಾಗದದ ಮೇಲೆ ಬರೆಯುವುದಿಲ್ಲ, ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಐದಾರು ಮೀನು ಕೊಯ್ದೆ, ಎಲ್ಲದರಲ್ಲೂ ಹೊಟ್ಟೆ ಖಾಲಿ. ಪಟ್ಟಿಯಲ್ಲಿ ಸಾಲಾಗಿ ‘ಖಾಲಿ’, ‘ಖಾಲಿ’ ಎಂದು ಬರೆಯುತ್ತಾ ಹೋದೆ. ಒಳಗೊಳಗೇ ಖುಷಿ, ಹಸಿದ ಮೀನು ಸಿಕ್ಕಿತಲ್ಲ ಅಂತ. ಪಕ್ಕದಲ್ಲಿದ್ದ ಹಿರಿಯರು ನನ್ನ ಪಟ್ಟಿ ನೋಡಿ ಮೀನಿನ ಬಾಯಿ ತೆರೆದು ತೋರಿಸಿದರು. ಗುಲಾಬಿ ಬಣ್ಣದ ಒಂದು ಚೀಲ ಗಂಟಲಿನಿಂದ ಹೊರಗೆ ಉಬ್ಬಿಕೊಂಡಿತ್ತು. ಅದೇ ಹೊಟ್ಟೆ. ಆಳದಿಂದ ಸರ್ರನೆ ಮೇಲೆ ಎಳೆದಾಗ ಮೀನಿನ ಗಾಳಿಚೀಲ ಹಿಗ್ಗಿ, ಹೊಟ್ಟೆಯನ್ನು ಒಳಗಿನಿಂದ ತಳ್ಳಿ, ಕಾಲುಚೀಲ ತಿರುವಿದ ಹಾಗೆ ಬಾಯಿಯಿಂದ ಹೊರಗೆ ಹಾಕಿಬಿಡುತ್ತದೆ. ಊಟ ಆಗಲೇ ನೀರುಪಾಲು. ಅದು ಹಸಿದ ಮೀನಲ್ಲ, ಕಕ್ಕಿದ ಮೀನು. ನನ್ನ ಆರು ಸಾಲಿಗೂ ಅಡ್ಡಗೆರೆ ಬಿತ್ತು.

ಇದರ ಉಲ್ಟಾ ಮೋಸವೂ ಉಂಟು. ಬಲೆಯ ಚೀಲದೊಳಗೆ ಒತ್ತೊತ್ತಾಗಿ ಸಿಕ್ಕಿಕೊಂಡಾಗ ಕೆಲವು ಮೀನು ಪಕ್ಕದ್ದನ್ನೇ ನುಂಗುತ್ತವೆ. ಆಮೇಲೆ ಹೊಟ್ಟೆ ಕೊಯ್ದರೆ ಫಳಫಳ ಹೊಳೆಯುವ ಮರಿಮೀನು ಸಿಗುತ್ತದೆ, ಒಂದು ಹುರುಪೆಯೂ ಕರಗಿರುವುದಿಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಕಡಲಲ್ಲಿ ಇಲ್ಲದ ಊಟವನ್ನು ನಾವೇ ಬಡಿಸಿದ ಹಾಗೆ. ಅದಕ್ಕೇ ಗಂಟಲಲ್ಲಿ ಸಿಕ್ಕಿದ್ದು, ತೀರಾ ತಾಜಾ ಇದ್ದದ್ದು ಬದಿಗೆ.

ಉಳಿದದ್ದನ್ನು ಗಾಜಿನ ತಟ್ಟೆಯಲ್ಲಿ ಹರಡಿ ಸೂಕ್ಷ್ಮದರ್ಶಕದ ಕೆಳಗೆ ಇಡುತ್ತೇವೆ. ಎಲ್ಲ ಒಂದೇ ಥರ ಇರುವುದಿಲ್ಲ ಮಗೂ. ಹುಳು ಕರಗಿದರೂ ಅದರ ಕಪ್ಪು ದವಡೆ ಉಳಿಯುತ್ತದೆ, ಎರಡು ಪುಟ್ಟ ಕೊಕ್ಕೆ. ಏಡಿಯ ಕೊಂಡಿಯ ತುದಿ ಉಳಿಯುತ್ತದೆ. ಸ್ಕ್ವಿಡ್‌ನದ್ದು ಗಿಳಿಯ ಕೊಕ್ಕಿನಂಥ ಬಾಯಿ. ತೆಳು ಕೈಗಳ ನಕ್ಷತ್ರಮೀನಿನದ್ದು ಮಣಿಸರ ಹರಿದಂಥ ಚೂರುಗಳು. ಮೀನು ಮೀನನ್ನು ತಿಂದಿದ್ದರೆ ಕಿವಿಗಲ್ಲು ಸಿಗುತ್ತದೆ. ಆ ಕಲ್ಲಿನ ಆಕಾರ ನೋಡಿ ಜಾತಿ ಹೇಳಬಹುದು, ಅಳತೆ ನೋಡಿ ಸತ್ತ ಮೀನಿನ ಉದ್ದ ಹೇಳಬಹುದು. ಲೋಳೆಮೀನು ಮಾತ್ರ ಬೇಗ ಕರಗಿ ಸಾಕ್ಷಿ ಬಿಡದೆ ಹೋಗುತ್ತದೆ. ಹಾಗಾಗಿ ಹಳೆಯ ಪಟ್ಟಿಗಳಲ್ಲಿ ಅದು ಇರಬೇಕಾದ್ದಕ್ಕಿಂತ ಕಡಿಮೆಯೇ ಇದೆ.

ಹೊಟ್ಟೆ ಹೇಳುವುದು ಕೊನೆಯ ಊಟವನ್ನು ಮಾತ್ರ. ತಿಂಗಳುಗಟ್ಟಲೆಯ ಊಟ ಬೇಕಿದ್ದರೆ ಮಾಂಸದ ಸಣ್ಣ ಚೂರು ಒಣಗಿಸಿ ಪುಡಿ ಮಾಡಿ ಯಂತ್ರಕ್ಕೆ ಕೊಡುತ್ತೇವೆ. ಸಾರಜನಕದಲ್ಲಿ ಹಗುರದ್ದು, ಭಾರದ್ದು ಅಂತ ಎರಡು ಬಗೆ ಇವೆ. ಒಂದು ಜೀವಿ ಇನ್ನೊಂದನ್ನು ತಿಂದಾಗ ತಿಂದವರ ಮೈಯಲ್ಲಿ ಭಾರದ್ದರ ಪಾಲು ಒಂದು ಮೆಟ್ಟಿಲಿಗೆ ಸುಮಾರು ಸಾವಿರಕ್ಕೆ 3.4ರಷ್ಟು ಏರುತ್ತದೆ. ಹಾಗಾಗಿ ಮೀನು ಆಹಾರದ ಏಣಿಯಲ್ಲಿ ಎಷ್ಟನೇ ಮೆಟ್ಟಿಲಲ್ಲಿ ಕೂತು ಉಂಡಿದೆ ಅಂತ ತಿಳಿಯುತ್ತದೆ. ಇಂಗಾಲದ ಲೆಕ್ಕ ಇನ್ನೊಂದು ಗುಟ್ಟು ಹೇಳುತ್ತದೆ: ಊಟ ತಳದ್ದೋ, ಮೇಲಿನ ನೀರಿನದ್ದೋ. ಕಣ್ಣಿನ ಮಸೂರ ಈರುಳ್ಳಿಯಂತೆ ಪದರ ಪದರವಾಗಿ ಬೆಳೆಯುತ್ತದಲ್ಲ, ಅದನ್ನು ಬಿಡಿಸಿದರೆ ಮರಿಯಾಗಿದ್ದಾಗಿನ ಊಟವೂ ಸಿಗುತ್ತದೆ. ಮೀನಿನ ಕಣ್ಣಿನಲ್ಲಿ ಅದರ ಬಾಲ್ಯ ಇದೆ ಅಂದರೆ ಕವಿತೆ ಅನ್ನಿಸುತ್ತದೆ, ಆದರೆ ನಿಜ.

ಒಂದು ಮುಜುಗರದ ವಿಷಯ. ಟ್ರಾಲ್‌ನಿಂದ ಏನಾಗುತ್ತದೆ ಎಂದು ಅಳೆಯಲು ನಾವೂ ಹೆಚ್ಚಾಗಿ ಟ್ರಾಲ್ ಬಲೆಯನ್ನೇ ಎಳೆಯುತ್ತೇವೆ.

ಪ್ರಶ್ನೆ: ನಾನು ಟ್ರಾಲರ್‌ನಲ್ಲಿ ಕೆಲಸ ಮಾಡಿದವನು. ಬೇಡದ ಸಣ್ಣ ಮೀನನ್ನು ವಾಪಸು ಕಡಲಿಗೇ ಹಾಕುತ್ತೇವೆ. ಹಕ್ಕಿ, ಡಾಲ್ಫಿನ್, ಏಡಿ ಎಲ್ಲ ಮುಗಿಬಿದ್ದು ತಿನ್ನುತ್ತವೆ. ಹಾಗಾದರೆ ಕಡಲಿಗೆ ನಾವು ಊಟ ಹಾಕಿದ ಹಾಗೇ ಆಯ್ತಲ್ಲ ಅಕ್ಕ?

ಉತ್ತರ: ತಮ್ಮಾ, ನೀವು ನೋಡಿದ್ದು ಸುಳ್ಳಲ್ಲ. ಊಟ ಹಾಕುತ್ತೀರಿ. ಯಾರಿಗೆ, ಎಂಥ ಊಟ ಅನ್ನೋದು ಪ್ರಶ್ನೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2019ರಲ್ಲಿ ಕೊಟ್ಟ ಅಂದಾಜು ನೋಡಿ. ಜಗತ್ತಿನ ಕಡಲುಗಳಲ್ಲಿ ಹಿಡಿದು ವಾಪಸು ಎಸೆಯುವುದು ವರ್ಷಕ್ಕೆ ಸುಮಾರು 91 ಲಕ್ಷ ಟನ್. ಅದರಲ್ಲಿ 46 ಶೇಕಡಾ ತಳದ ಟ್ರಾಲ್‌ಗಳಿಂದ. ಹೆಚ್ಚಿನದು ಸತ್ತದ್ದು ಅಥವಾ ಸಾಯುವಂಥದ್ದು.

ನೀವು ದೋಣಿಯ ಮೇಲಿಂದ ನೋಡುವ ಸಂತೆ ಒಂದು. ತಳದಲ್ಲಿ ಇನ್ನೊಂದು ನಡೆಯುತ್ತಿರುತ್ತದೆ. ಐರಿಷ್ ಕಡಲಲ್ಲಿ 1990ರ ದಶಕದಲ್ಲಿ ಮಾಡಿದ ಪ್ರಯೋಗದಲ್ಲಿ, ಬಲೆ ಹಾದುಹೋದ ಗೆರೆಗೆ ಮೀನುಗಳು ಬೇಗನೆ ಬಂದು ಸೇರಿದವು. ಗರ್ನಾರ್ಡ್, ವೈಟಿಂಗ್ ಎಂಬ ಮೀನುಗಳ ಹೊಟ್ಟೆಯಲ್ಲಿ, ಮಾಮೂಲಾಗಿ ಕೊಳವೆಯೊಳಗೆ ಅಡಗಿರುವ ಸಿಗಡಿಯಂಥ ಸಣ್ಣ ಜೀವಿಗಳು ಜಾಸ್ತಿ ಸಿಕ್ಕಿದವು. ಬಲೆ ಮನೆ ಕಿತ್ತಿತ್ತು, ಇವು ಬಂದು ತಿಂದವು. ಹಿಂದೆಯೇ ಸನ್ಯಾಸಿ ಏಡಿ, ನಕ್ಷತ್ರಮೀನು.

ನನ್ನ ಟೇಬಲ್ಲಿಗೂ ಇಂಥದ್ದು ಬಂದಿದೆ. ಒಂದು ಸಣ್ಣ ಬಾಯಿಯ ಚಪ್ಪಟೆ ಮೀನು, ಹೊಟ್ಟೆ ಬಿಗಿದು ಗಟ್ಟಿಯಾಗಿತ್ತು. ಕೊಯ್ದರೆ ದೊಡ್ಡ ಕಪ್ಪೆಚಿಪ್ಪಿನ ಮಾಂಸದ ತುಂಡುಗಳು. ಚಿಪ್ಪಿನ ಒಂದು ಚೂರೂ ಇಲ್ಲ. ಆ ಮೀನಿನ ದವಡೆಗೆ ಅಂಥ ದಪ್ಪ ಚಿಪ್ಪು ಒಡೆಯುವ ತಾಕತ್ತಿಲ್ಲ. ಯಾರೋ ಒಡೆದುಕೊಟ್ಟಿದ್ದರು. ಹಿಡಿದ ಜಾಗದ ದಾಖಲೆ ತೆಗೆದು ನೋಡಿದೆ, ಅದೇ ದಿನ ಬೆಳಿಗ್ಗೆ ಅಲ್ಲಿ ಬಲೆ ಹಾದಿತ್ತು.

ಈ ಔತಣ ಹೆಚ್ಚು ದಿನ ನಡೆಯುವುದಿಲ್ಲ. ಒಡೆದದ್ದು ಮುಗಿದ ಮೇಲೆ ಉಳಿಯುವುದು ಮೊದಲಿಗಿಂತ ಬಡವಾದ ತಳ. ಲಾಭ ಆಗುವುದೂ ಸಿಕ್ಕಿದ್ದನ್ನೆಲ್ಲ ತಿನ್ನುವವರಿಗೆ ಮಾತ್ರ. ಒಂದೇ ಬಗೆಯ ಊಟ ನೆಚ್ಚಿಕೊಂಡ ಜೀವಿಗೆ ಇದರಲ್ಲಿ ಪಾಲಿಲ್ಲ.

ಊಟದ ಗುಣವೂ ಮುಖ್ಯ. ದಕ್ಷಿಣ ಆಫ್ರಿಕಾದ ಕರಾವಳಿಯಲ್ಲಿ ಕೇಪ್ ಗ್ಯಾನೆಟ್ ಎಂಬ ಕಡಲಹಕ್ಕಿ ಇದೆ. ಅದರ ಮಾಮೂಲಿ ಊಟ ಜಿಡ್ಡು ತುಂಬಿದ ಆಂಚೊವಿ, ಸಾರ್ಡೀನ್. ಅವು ಸಿಗದಿದ್ದಾಗ ಅದು ಟ್ರಾಲರ್‌ಗಳು ಎಸೆದ ಹೇಕ್ ಮೀನಿನ ತ್ಯಾಜ್ಯಕ್ಕೆ ಹೋಯಿತು. ಹೊಟ್ಟೆ ತುಂಬಿತು, ದೊಡ್ಡ ಹಕ್ಕಿ ಹೇಗೋ ಸುಧಾರಿಸಿತು. ಆದರೆ ಹೇಕ್‌ನಲ್ಲಿ ಕಸುವು ಕಡಿಮೆ. ಅದನ್ನೇ ತಿಂದ ಮರಿಗಳ ಬೆಳವಣಿಗೆ ಕುಂಠಿತವಾಯಿತು. 2008ರಲ್ಲಿ ಇದನ್ನು ವರದಿ ಮಾಡಿದ ಸಂಶೋಧಕರು ‘ಜಂಕ್ ಫುಡ್’ ಎಂಬ ಮಾತನ್ನೇ ಬಳಸಿದರು.

ಊಟ ನಿಂತರೆ? ಸ್ಕಾಟ್ಲೆಂಡ್‌ನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಗ್ರೇಟ್ ಸ್ಕುವಾ ಎಂಬ ದಾಂಡಿಗ ಹಕ್ಕಿ ಎಸೆದ ಮೀನಿಗೆ ಒಗ್ಗಿತ್ತು. ಎಸೆಯುವುದು ಕಡಿಮೆಯಾದಾಗ ಅದು ಬೇರೆ ಕಡಲಹಕ್ಕಿಗಳನ್ನೇ ಹೆಚ್ಚು ಕೊಂದು ತಿನ್ನತೊಡಗಿತು. ಅಭ್ಯಾಸ ಮಾಡಿಸಿದವರು ನಾವು, ಬೆಲೆ ಕೊಟ್ಟವು ಪಕ್ಕದ ಹಕ್ಕಿಗಳು.

ಡಾಲ್ಫಿನ್ ಕಥೆ ನನಗೆ ಇನ್ನೂ ಇಷ್ಟ. ಆಸ್ಟ್ರೇಲಿಯಾದ ಮೊರೆಟನ್ ಕೊಲ್ಲಿಯಲ್ಲಿ ಡಾಲ್ಫಿನ್‌ಗಳು ಎರಡು ಬಣವಾಗಿದ್ದವು. ಒಂದು ಬಣ ಟ್ರಾಲರ್ ಹಿಂದೆ ಹೋಗುತ್ತಿತ್ತು, ಇನ್ನೊಂದು ಹೋಗುತ್ತಿರಲಿಲ್ಲ. ಒಂದೇ ಕೊಲ್ಲಿ, ಆದರೂ ಇವು ಅವುಗಳ ಜೊತೆ ಬೆರೆಯುತ್ತಿರಲಿಲ್ಲ. ಮುಂದೆ ಅಲ್ಲಿ ಟ್ರಾಲಿಂಗ್ ತುಂಬಾ ಕಡಿಮೆಯಾಯಿತು. ಕೆಲವು ವರ್ಷ ಬಿಟ್ಟು ಮತ್ತೆ ನೋಡಿದಾಗ ಎರಡು ಬಣ ಕಲೆತುಹೋಗಿದ್ದವು. ಬಲೆ ಬದಲಿಸಿದ್ದು ಅವುಗಳ ಊಟವನ್ನಷ್ಟೇ ಅಲ್ಲ, ಯಾರು ಯಾರ ಜೊತೆ ಇರಬೇಕು ಎನ್ನುವುದನ್ನೂ.

ಪ್ರಶ್ನೆ: ಆಂಟಿ, ದೊಡ್ಡ ಮೀನು ಚಿಕ್ಕ ಮೀನನ್ನು ತಿನ್ನುತ್ತೆ. ಚಿಕ್ಕ ಮೀನು ದೊಡ್ಡ ಮೀನನ್ನು ತಿನ್ನೋಕೆ ಆಗುತ್ತಾ? (ಐದನೇ ತರಗತಿ)

ಉತ್ತರ: ಆಗುತ್ತೆ ಪುಟ್ಟಾ. ದೊಡ್ಡ ಮೀನು ಇನ್ನೂ ಮೊಟ್ಟೆಯಾಗಿದ್ದಾಗ!

ಬಾಲ್ಟಿಕ್ ಕಡಲಲ್ಲಿ ಕಾಡ್ ಎಂಬ ದೊಡ್ಡ ಮೀನು ಸ್ಪ್ರ್ಯಾಟ್ ಎಂಬ ಬೆರಳುದ್ದದ ಮೀನನ್ನು ತಿನ್ನುತ್ತದೆ. ಕಾಡ್‌ನ ಮೊಟ್ಟೆ ನೀರಿನಲ್ಲಿ ತೇಲುತ್ತಿರುತ್ತದೆ, ಸ್ಪ್ರ್ಯಾಟ್ ಬಂದು ಅದನ್ನು ತಿನ್ನುತ್ತದೆ. ದೊಡ್ಡ ಕಾಡ್ ಸಾಕಷ್ಟು ಇದ್ದರೆ ಸ್ಪ್ರ್ಯಾಟ್ ಹದ್ದುಬಸ್ತಿನಲ್ಲಿರುತ್ತದೆ. ಬಲೆ ಹಾಕಿ ಕಾಡ್‌ಗಳನ್ನು ಜಾಸ್ತಿ ಹಿಡಿದುಬಿಟ್ಟರೆ ಸ್ಪ್ರ್ಯಾಟ್ ಹೆಚ್ಚಾಗುತ್ತವೆ, ಮೊಟ್ಟೆಗಳನ್ನು ಇನ್ನಷ್ಟು ತಿನ್ನುತ್ತವೆ. ಆಮೇಲೆ ಕಾಡ್ ಮತ್ತೆ ಹೆಚ್ಚಾಗಬೇಕು ಅಂದರೂ ಸುಲಭಕ್ಕೆ ಆಗಲ್ಲ. ನಿನ್ನ ಪ್ರಶ್ನೆ ಚಿಕ್ಕದಲ್ಲ ಅಂತ ನಿಮ್ಮ ಮಿಸ್‌ಗೆ ಹೇಳು.

ಪ್ರಶ್ನೆ: ನಾನು ಲೆಕ್ಕಪತ್ರದ ಕೆಲಸದವನು. ದೊಡ್ಡ ಮೀನು ಹೋದರೆ ಅವು ತಿನ್ನುತ್ತಿದ್ದ ಸಣ್ಣ ಮೀನು ಉಳಿಯುತ್ತವೆ. ಒಟ್ಟು ಲೆಕ್ಕ ಸರಿಹೋಗಬೇಕಲ್ಲವೇ?

ಉತ್ತರ: ಸರ್, ಈ ಖಾತೆಯಲ್ಲಿ ಪ್ರತಿ ವರ್ಗಾವಣೆಗೂ ಭಾರೀ ಸೋರಿಕೆ ಇದೆ. ಪಾಚಿಯಂಥ ತೇಲುಸಸ್ಯವನ್ನು ಪುಟ್ಟ ತೇಲುಪ್ರಾಣಿ ತಿನ್ನುತ್ತದೆ, ಅದನ್ನು ಸಣ್ಣ ಮೀನು, ಅದನ್ನು ದೊಡ್ಡ ಮೀನು. ಒಂದೊಂದು ಮೆಟ್ಟಿಲಿಗೂ ಶಕ್ತಿಯ ಸುಮಾರು ಹತ್ತನೇ ಒಂದು ಪಾಲು ಮಾತ್ರ ಮೇಲೆ ಹೋಗುತ್ತದೆ. ಹಾಗಾಗಿ ಮೇಲಿನವರನ್ನು ತೆಗೆದರೆ ಕೆಳಗೆ ತುಂಬಾ ಉಳಿಯಬೇಕು, ನೀವು ಹೇಳಿದ್ದು ಸರಿ. ಆದರೆ ಆ ಉಳಿತಾಯ ನಮಗೆ ಬೇಕಾದ ಖಾತೆಗೇ ಜಮೆಯಾಗುತ್ತದೆ ಎಂಬ ಗ್ಯಾರಂಟಿ ಇಲ್ಲ.

ಕೆನಡಾದ ನೋವಾ ಸ್ಕೋಷಿಯಾ ಎದುರಿನ ಕಡಲಲ್ಲಿ 1990ರ ದಶಕದ ಆರಂಭಕ್ಕೆ ಕಾಡ್ ಕುಸಿದುಬಿತ್ತು. ಆಮೇಲೆ ಆದದ್ದನ್ನು ಒಂದೊಂದೇ ಮೆಟ್ಟಿಲು ಇಳಿದು ನೋಡಿ. ಕಾಡ್ ತಿನ್ನುತ್ತಿದ್ದ ಸಣ್ಣ ಮೀನು, ಸಿಗಡಿ, ಏಡಿ ಏರಿದವು. ಅವು ತಿನ್ನುತ್ತಿದ್ದ ದೊಡ್ಡ ತೇಲುಪ್ರಾಣಿಗಳು ಇಳಿದವು. ಅವು ತಿನ್ನುತ್ತಿದ್ದ ತೇಲುಸಸ್ಯ ಏರಿತು. ತಳಕ್ಕೆ ಬಿದ್ದ ಬಲೆಯ ಪರಿಣಾಮ ನೀರಿನ ಮೇಲ್ಪದರದಲ್ಲಿ ತೇಲುವ, ಕಣ್ಣಿಗೂ ಕಾಣದ ಸಸ್ಯದವರೆಗೆ ಹೋಯಿತು. 2005ರಲ್ಲಿ ಈ ವರದಿ ಬಂದಾಗ ನಮ್ಮ ವಲಯದಲ್ಲಿ ವಾರಗಟ್ಟಲೆ ಅದೇ ಮಾತು. ಕೆರೆಯಲ್ಲಿ ಹೀಗಾಗುತ್ತದೆ ಅಂತ ಗೊತ್ತಿತ್ತು. ಅಷ್ಟು ದೊಡ್ಡ ಕಡಲಲ್ಲಿ ಆಗುತ್ತದೆ ಅಂತ ಹೆಚ್ಚಿನವರು ನಂಬಿರಲಿಲ್ಲ.

ಥಾಯ್ಲೆಂಡ್ ಕೊಲ್ಲಿಯ ಖಾತೆಯೂ ಇದೆ. ಅಲ್ಲಿ 1960ರ ದಶಕದಲ್ಲಿ ಟ್ರಾಲಿಂಗ್ ಬೆಳೆಯಿತು. 1961ರಲ್ಲಿ ಒಂದು ಗಂಟೆ ಬಲೆ ಎಳೆದರೆ ಸುಮಾರು 300 ಕಿಲೋ ಮೀನು ಸಿಗುತ್ತಿತ್ತು. ಮೂರು ದಶಕದೊಳಗೆ ಅದು 50 ಕಿಲೋಗಿಂತ ಕೆಳಗೆ ಬಂತು. ಬಂದದ್ದರಲ್ಲೂ ಹೆಚ್ಚು ವರ್ಷ ಬಾಳುವ ದೊಡ್ಡ ಮೀನಿನ ಪಾಲು ಕುಗ್ಗಿ, ಬೇಗ ಹುಟ್ಟಿ ಬೇಗ ಸಾಯುವ ಸ್ಕ್ವಿಡ್, ಸಣ್ಣ ಮೀನುಗಳ ಪಾಲು ಏರಿತ್ತು.

1998ರಲ್ಲಿ ಮೀನುಗಾರಿಕೆ ವಿಜ್ಞಾನಿ ಡೇನಿಯಲ್ ಪಾಲಿ ಮತ್ತು ಜೊತೆಗಾರರು ಜಗತ್ತಿನ ಮೀನುಗಾರಿಕೆಯ ಅಂಕಿಅಂಶ ಹಿಡಿದು, ನಾವು ಆಹಾರದ ಏಣಿಯನ್ನು ಮೇಲಿನಿಂದ ಕೆಳಗೆ ಹಿಡಿಯುತ್ತಾ ಇಳಿಯುತ್ತಿದ್ದೇವೆ ಎಂದರು. ಆ ಮಾತು ತುಂಬಾ ಓಡಿತು. 2010ರಲ್ಲಿ ಇನ್ನೊಂದು ತಂಡ ತಕರಾರು ತೆಗೆಯಿತು. ಬಲೆಗೆ ಬಿದ್ದದ್ದರ ಸರಾಸರಿ ಬೇರೆ, ಕಡಲಲ್ಲಿ ಇರುವುದರ ಸರಾಸರಿ ಬೇರೆ, ಒಂದನ್ನು ನೋಡಿ ಇನ್ನೊಂದನ್ನು ಹೇಳಬೇಡಿ ಎಂದು. ಲೆಕ್ಕಪತ್ರದವರಿಗೆ ಇದು ಬೇಗ ಹೊಳೆಯುತ್ತದೆ. ಮಾರಾಟದ ಪುಸ್ತಕ ನೋಡಿ ಗೋದಾಮಿನಲ್ಲಿ ಏನಿದೆ ಎಂದು ಹೇಳಲಾಗದು. ನನ್ನ ಮಟ್ಟಿಗೆ, ತಕರಾರು ನ್ಯಾಯದ್ದೇ. ಹಾಗಂತ ಗೋದಾಮು ತುಂಬಿದೆ ಎಂದು ಅದರ ಅರ್ಥವಲ್ಲ.

ಪ್ರಶ್ನೆ: ತಳ ಮುಟ್ಟದೆ ನಡುನೀರಿನಲ್ಲಿ ಎಳೆಯುವ ಟ್ರಾಲ್ ಆದರೆ ತೊಂದರೆ ಇಲ್ಲ ಅಲ್ವಾ?

ಉತ್ತರ: ತಳಕ್ಕೆ ಇಲ್ಲ. ಬೇರೆಯವರ ಊಟವನ್ನೇ ಹಿಡಿಯುತ್ತಿದ್ದರೆ ತೊಂದರೆ ಬೇರೆ ದಾರಿಯಲ್ಲಿ ಬರುತ್ತದೆ. ಉತ್ತರ ಕಡಲಲ್ಲಿ ಸ್ಯಾಂಡ್‌ಈಲ್ ಎಂಬ ತೆಳು ಮೀನು ಹಕ್ಕಿಗಳಿಗೂ ದೊಡ್ಡ ಮೀನುಗಳಿಗೂ ಮುಖ್ಯ ಆಹಾರ. ಅದನ್ನು ಸಣ್ಣ ಕಣ್ಣಿನ ಬಲೆಯಲ್ಲಿ ಹಿಡಿದು ಪುಡಿ, ಎಣ್ಣೆ ಮಾಡುತ್ತಿದ್ದರು. ಸ್ಕಾಟ್ಲೆಂಡ್‌ನ ಪೂರ್ವ ತೀರದಲ್ಲಿ 2000ದಲ್ಲಿ ಅದನ್ನು ನಿಲ್ಲಿಸಿದರು. 2024ರಲ್ಲಿ ಉತ್ತರ ಕಡಲಿನ ಇಂಗ್ಲೆಂಡ್ ಭಾಗಕ್ಕೂ ಸ್ಕಾಟ್ಲೆಂಡ್‌ನ ಎಲ್ಲ ನೀರಿಗೂ ನಿಷೇಧ ಬಂತು.

ಪ್ರಶ್ನೆ: ಹೊಟ್ಟೆಪಾಡಿಗೆ ಕಡಲಿಗೆ ಹೋಗುವವರನ್ನು ಬೈಯುವುದು ನಿಮ್ಮಂಥ ವಿಜ್ಞಾನಿಗಳಿಗೆ ಫ್ಯಾಷನ್ ಆಗಿದೆ. ಮೀನು ಕಡಿಮೆಯಾದರೆ ಟ್ರಾಲ್, ಸಣ್ಣಗಾದರೆ ಟ್ರಾಲ್. ಬೇರೆ ಕಾರಣವೇ ಇಲ್ಲವೇ?

ಉತ್ತರ: ಇವೆ. ನಿಮ್ಮ ಸಿಟ್ಟಿನಲ್ಲಿ ಅರ್ಧ ನಾನು ಒಪ್ಪುತ್ತೇನೆ.

ಬಾಲ್ಟಿಕ್‌ನ ಪೂರ್ವ ಭಾಗದ ಕಾಡ್ ಈಗ ಬಡಕಲಾಗಿದೆ. ಅದಕ್ಕೆ ತಳದಲ್ಲಿ ಆಮ್ಲಜನಕ ಇಲ್ಲದ ಜಾಗ ಹಬ್ಬಿದ್ದೂ ದೊಡ್ಡ ಕಾರಣ. ಅದನ್ನು ಬಿಟ್ಟು ಬಲೆಯೊಂದನ್ನೇ ದೂರಿದರೆ ತಪ್ಪು. ಕಡಲ ತಳವನ್ನೆಲ್ಲ ಟ್ರಾಲ್ ಕೆರೆದುಹಾಕಿದೆ ಎನ್ನುವುದೂ ಉತ್ಪ್ರೇಕ್ಷೆ. ಜಗತ್ತಿನ 24 ಪ್ರದೇಶಗಳ ದಾಖಲೆ ಒಟ್ಟು ಮಾಡಿ 2018ರಲ್ಲಿ ನೋಡಿದಾಗ, ಸಾವಿರ ಮೀಟರ್ ಆಳದವರೆಗಿನ ತಳದಲ್ಲಿ ಬಲೆ ಹಾದಿದ್ದ ಜಾಗ 14 ಶೇಕಡಾ. ಆದರೆ ಸರಾಸರಿ ಅನ್ನೋದು ಮೋಸಗಾರ. ಕೆಲವು ಪ್ರದೇಶಗಳಲ್ಲಿ ಅದು 10 ಶೇಕಡಾಕ್ಕಿಂತ ಕಡಿಮೆ, ಇಟಲಿಯ ಪಕ್ಕದ ಏಡ್ರಿಯಾಟಿಕ್‌ನಲ್ಲಿ ತಳದ ಬಹುಪಾಲು. ಜಗತ್ತು ಕಡಲಿನಿಂದ ತರುವ ಮೀನಿನಲ್ಲಿ ಸುಮಾರು ಕಾಲು ಭಾಗ ತಳದ ಟ್ರಾಲ್‌ಗಳದ್ದು, ಅದನ್ನೂ ಮರೆಯಬಾರದು.

ಇನ್ನರ್ಧ ಒಪ್ಪುವುದಿಲ್ಲ. ಈ ದೂರು ವಿಜ್ಞಾನಿಗಳು ಹುಟ್ಟಿಸಿದ್ದಲ್ಲ. 1376ರಲ್ಲಿ ಇಂಗ್ಲೆಂಡಿನಲ್ಲಿ ದೊರೆಗೆ ಒಂದು ಅರ್ಜಿ ಹೋಯಿತು. ಕೆಲವರು ‘ವಂಡರಿಚನ್’ ಎಂಬ ಹೊಸ ಬಗೆಯ ಬಲೆ ಎಳೆಯುತ್ತಿದ್ದಾರೆ, ಅದರ ಉದ್ದನೆಯ ಭಾರದ ಕಬ್ಬಿಣ ನೀರಿನಡಿಯ ನೆಲದ ಹೂಗಳನ್ನು ಹಾಳುಮಾಡುತ್ತಿದೆ, ದೊಡ್ಡ ಮೀನುಗಳಿಗೆ ಆಹಾರವಾಗುವ ಸಿಂಪಿ, ಚಿಪ್ಪುಗಳ ಮರಿಗಳೂ ನಾಶವಾಗುತ್ತಿವೆ ಎಂದು. ಸಣ್ಣ ಮೀನು ರಾಶಿರಾಶಿ ಸಿಕ್ಕಿ, ಏನು ಮಾಡಬೇಕೆಂದು ತಿಳಿಯದೆ ಹಂದಿಗೆ ಹಾಕುತ್ತಿದ್ದಾರೆ ಎಂದೂ ಅದರಲ್ಲಿತ್ತು. ದೂರು ಕೊಟ್ಟವರು ಮೀನನ್ನು ನಂಬಿ ಬದುಕುತ್ತಿದ್ದ ಜನರೇ. ಎಂಜಿನ್ ಇರಲಿಲ್ಲ, ಸೂಕ್ಷ್ಮದರ್ಶಕ ಇರಲಿಲ್ಲ. ಬಲೆ ಮೀನಿನ ಊಟ ಕೆಡಿಸುತ್ತದೆ ಎಂದು ನಾನು ಇಷ್ಟು ಪುಟ ಬರೆದು ಹೇಳುತ್ತಿರುವುದನ್ನು ಅವರು ಒಂದು ಅರ್ಜಿಯಲ್ಲಿ ಹೇಳಿ ಮುಗಿಸಿದ್ದರು.

ಪ್ರಶ್ನೆ: ಟ್ರಾಲಿಂಗ್ ನಿಲ್ಲಿಸಿದರೆ ಎಷ್ಟು ವರ್ಷಕ್ಕೆ ಮೊದಲಿನಂತೆ ಆಗುತ್ತದೆ?

ಉತ್ತರ: ಯಾವುದು ಮೊದಲಿನಂತೆ ಆಗಬೇಕು ಎನ್ನುವುದರ ಮೇಲೆ ಹೋಗುತ್ತದೆ. ಮೇಷ್ಟ್ರಿಗೆ ಹೇಳಿದ 2017ರ ಲೆಕ್ಕದಲ್ಲೇ, ತಳಜೀವಿಗಳು ಬಹುಪಾಲು ಚೇತರಿಸಿಕೊಳ್ಳಲು ಸುಮಾರು 2ರಿಂದ 6 ವರ್ಷ ಎಂದಿದೆ. ಅದು ಹುಳು, ಚಿಪ್ಪು, ಏಡಿಗಳ ಮಾತು. ತಣ್ಣೀರಿನ ಆಳದ ಹವಳದ ದಿಬ್ಬಗಳಿಗೆ ಈ ಲೆಕ್ಕ ಹಾಕಬೇಡಿ. ಅವು ಸಾವಿರಾರು ವರ್ಷಗಳಲ್ಲಿ ಕಟ್ಟಿಕೊಂಡವು. ಐರೋಪ್ಯ ಒಕ್ಕೂಟ 2016ರಲ್ಲಿ ತನ್ನ ನೀರಿನಲ್ಲಿ 800 ಮೀಟರ್‌ಗಿಂತ ಆಳಕ್ಕೆ ತಳದ ಟ್ರಾಲ್ ಎಳೆಯಬಾರದು ಎಂದದ್ದಕ್ಕೆ ಇಂಥವೇ ಕಾರಣ.

ಮೀನಿನ ವಿಷಯದಲ್ಲಿ ಎರಡು ತುದಿಯ ಉದಾಹರಣೆ ಕೊಡುತ್ತೇನೆ. ಸಿಸಿಲಿ ದ್ವೀಪದ ಕ್ಯಾಸ್ಟೆಲ್ಲಮಾರೆ ಕೊಲ್ಲಿಯಲ್ಲಿ 1990ರಲ್ಲಿ ಟ್ರಾಲಿಂಗ್ ನಿಷೇಧಿಸಿದರು. ನಾಲ್ಕೇ ವರ್ಷಕ್ಕೆ ಅಲ್ಲಿನ ಮೀನಿನ ಒಟ್ಟು ತೂಕ ಎಂಟು ಪಟ್ಟಾಯಿತು. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 1992ರ ಜುಲೈನಲ್ಲಿ ಕಾಡ್ ಹಿಡಿಯುವುದನ್ನು ನಿಲ್ಲಿಸಿದರು, ಎರಡು ವರ್ಷಕ್ಕೆ ಅಂತ. ಅದನ್ನು ತೆಗೆದದ್ದು 2024ರಲ್ಲಿ. ಅದೂ ಹಿಂದಿನ ಮಟ್ಟಕ್ಕೆ ಮೀನು ಬಂದಿದೆ ಅಂತಲ್ಲ. ಯಾಕೆ ಇಷ್ಟು ತಡ ಎಂದರೆ ಐದನೇ ತರಗತಿಯ ಪುಟ್ಟನಿಗೆ ಕೊಟ್ಟ ಉತ್ತರವನ್ನು ಇನ್ನೊಮ್ಮೆ ಓದಿ. ಅದೊಂದೇ ಕಾರಣವಲ್ಲ, ನೀರಿನ ತಾಪ ಇದೆ, ಕಾಡ್ ತಿನ್ನುವ ಕ್ಯಾಪೆಲಿನ್ ಮೀನು ಕುಸಿದದ್ದೂ ಇದೆ.

ಪ್ರಶ್ನೆ: ಇಷ್ಟು ಹೊಟ್ಟೆ ಕೊಯ್ದಿದ್ದೀರಿ. ಮರೆಯಲಾಗದಂಥದ್ದು ಏನು ಸಿಕ್ಕಿದೆ?

ಉತ್ತರ: ಉಂಗುರ ಸಿಕ್ಕಿತು ಅಂತ ಹೇಳಿದರೆ ನಿಮಗೆ ಖುಷಿಯಾಗುತ್ತಿತ್ತೇನೋ. ಸಿಕ್ಕಿಲ್ಲ.

ಒಂದು ಎಳೆಯ ಚಪ್ಪಟೆ ಮೀನು, ನನ್ನ ಅಂಗೈಗಿಂತ ಸಣ್ಣದು. ಹೊಟ್ಟೆಯ ತುಂಬ ಬಿಳಿ ಕೊಳವೆಯ ತುಣುಕುಗಳು, ಅಕ್ಕಿಕಾಳಿನ ಅರ್ಧದಷ್ಟು. ಹುಳು ಅಂದುಕೊಂಡೆ, ದವಡೆ ಹುಡುಕಿದೆ, ಇಲ್ಲ. ಬಿರುಗೂದಲೂ ಇಲ್ಲ. ಅರ್ಧ ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಮರಳೊಳಗೆ ಹೂತಿರುವ ಚಿಪ್ಪುಜೀವಿ ಉಸಿರಾಡಲು, ಉಣ್ಣಲು ಎರಡು ಕೊಳವೆ ಮೇಲಕ್ಕೆ ಚಾಚಿರುತ್ತದೆ. ಅದರ ತುದಿಯನ್ನಷ್ಟೇ ಈ ಮರಿಮೀನು ಕಚ್ಚಿ ತಿಂದಿತ್ತು. ಚಿಪ್ಪುಜೀವಿ ಸಾಯುವುದಿಲ್ಲ. ತುದಿ ಮತ್ತೆ ಬೆಳೆಯುತ್ತದೆ, ಮೀನು ಮತ್ತೆ ಬಂದು ಕಚ್ಚುತ್ತದೆ. ಹುಲ್ಲು ಮೇಯ್ದ ಹಾಗೆ.

ಅದು ಬಲೆ ಬೀಳದ ಜಾಗದಿಂದ ಬಂದ ಮೀನು. ನೂರ ಮೂರು ತುದಿ ಎಣಿಸಿದೆ. ಎಣಿಸುವಷ್ಟರಲ್ಲಿ ಲ್ಯಾಬಿನ ದೀಪ ಹಾಕುವ ಹೊತ್ತಾಗಿತ್ತು. ಬಲೆ ಎಳೆದ ಜಾಗದಿಂದ ಬಂದ ಅದೇ ಜಾತಿಯ, ಅದೇ ಅಳತೆಯ ಮೀನು ಪಕ್ಕದ ಬಾಟಲಿಯಲ್ಲಿತ್ತು. ಅದನ್ನು ಮರುದಿನ ಕೊಯ್ದೆ. ಅದರ ಹೊಟ್ಟೆಯೂ ತುಂಬಿತ್ತು, ಬರೀ ಸಣ್ಣ ಹುಳು. ಕೊಳವೆಯ ತುದಿ ಎರಡೇ ಎರಡು.